ಗಬ್ಬದ ಕುರಿಗೆ ಸಲ್ಲಬೇಕಾದ ಬಾಕಿ: ಕುರಿ ಸಾಕಣೆದಾರರ ಹಕ್ಕೊತ್ತಾಯ ಪತ್ರ

ರಾಜ್ಯದ ಪಶುಪಾಲನಾ ಸಚಿವರಿಗೆ, ಇಲಾಖೆಯ ಆಯುಕ್ತರಿಗೆ ಹಾಗೂ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕುಲಪತಿಗಳಿಗೆ

ಮಾನ್ಯರೇ,

2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ 1.11 ಕೋಟಿ ಕುರಿಗಳಿವೆ. ಕುರಿಗಳ ಸಂಖ್ಯೆಯಲ್ಲಿ ದೇಶಕ್ಕೆ ನಮ್ಮದು ಮೂರನೇ ರಾಜ್ಯ. ಈ ಹಿಂಡುಗಳ ಲಾಭ ನಷ್ಟ ತೀರ್ಮಾನವಾಗುವುದು ಗಬ್ಬದ ಐದು ತಿಂಗಳಲ್ಲಿ. ಆ ಐದು ತಿಂಗಳು ಒಳಗೇನು ನಡೆದಿದೆ ಎಂಬುದನ್ನು ನಾವು ಇಂದಿಗೂ ಹೊಟ್ಟೆ ಮುಟ್ಟಿ, ಕೆಚ್ಚಲು ನೋಡಿ ಅಂದಾಜು ಮಾಡುತ್ತಿದ್ದೇವೆ. ಮರಿ ಸತ್ತದ್ದು ತಾಯಿ ಕಂದು ಹಾಕಿದ ಮೇಲೆ ತಿಳಿಯುತ್ತದೆ. ಅವಳಿ ಇದ್ದದ್ದು ತಾಯಿ ಮೇವು ಬಿಟ್ಟು ನೆಲ ಹಿಡಿದ ಮೇಲೆ ತಿಳಿಯುತ್ತದೆ.

ಗಬ್ಬದ ಕುರಿಯಿಂದ ವಿಜ್ಞಾನ ಪಡೆದದ್ದು ಕಡಿಮೆಯೇನಲ್ಲ. 1969ರಲ್ಲಿ ನ್ಯೂಜಿಲೆಂಡಿನ ಗ್ರಹಾಂ ಲಿಗ್ಗಿನ್ಸ್ ಗರ್ಭದಲ್ಲಿದ್ದ ಕುರಿಮರಿಗಳಿಗೆ ಸ್ಟೆರಾಯ್ಡ್ ಕೊಟ್ಟಾಗ, ದಿನ ತುಂಬುವ ಮೊದಲೇ ಹುಟ್ಟಿದರೂ ಅವು ಉಸಿರಾಡಿದವು. 1972ರಲ್ಲಿ ಅವರೂ ರಾಸ್ ಹೋವಿಯವರೂ ಪ್ರಕಟಿಸಿದ ಪ್ರಯೋಗದ ಮೂಲಕ ಅದೇ ಚಿಕಿತ್ಸೆ ಮನುಷ್ಯರ ಹೆರಿಗೆ ಆಸ್ಪತ್ರೆ ಸೇರಿತು. 2017ರಲ್ಲಿ ಫಿಲಡೆಲ್ಫಿಯಾದ ವೈದ್ಯರು ಕೃತಕ ಗರ್ಭಚೀಲದಲ್ಲಿ ಬೆಳೆಸಿ ತೋರಿಸಿದ್ದೂ ಕುರಿಮರಿಗಳನ್ನೇ.

ಈಗ ಎಲಾಸ್ಟೋಗ್ರಫಿ ಬಂದಿದೆ. ಸಾಮಾನ್ಯ ಸ್ಕ್ಯಾನಿಂಗ್ ಮರಿಯ ಆಕಾರ ತೋರಿಸುತ್ತದೆ. ಎಲಾಸ್ಟೋಗ್ರಫಿ ಅಂಗಾಂಶದ ಗಡಸುತನ ಅಳೆಯುತ್ತದೆ. ಯಂತ್ರದ ಧ್ವನಿ ಒಳಗೆ ಎಬ್ಬಿಸುವ ಅಲೆ ಮೆತ್ತಗಿನ ಕಡೆ ನಿಧಾನ, ಗಡಸಾದ ಕಡೆ ವೇಗ. ಆ ವೇಗ ಹಿಡಿದು ಮರಿಯ ಶ್ವಾಸಕೋಶ, ಯಕೃತ್ತು, ತಾಯಿಯ ಮಾಸು ಎಷ್ಟು ಗಡಸಾಗಿವೆ ಎಂಬುದನ್ನು ಅಂಕಿಯಲ್ಲಿ ಹೇಳಬಹುದು. ಬ್ರೆಜಿಲ್‌ನ ಸಂಶೋಧಕರು ತಮ್ಮ ಗಬ್ಬದ ಕುರಿಗಳಲ್ಲಿ ಇದನ್ನು ಅಳೆದಿದ್ದಾರೆ. ಕುರಿಯ ಗರ್ಭದಿಂದ ಹುಟ್ಟಿದ ಜ್ಞಾನ ಕುರಿಹಟ್ಟಿಗೆ ಮರಳಬೇಕು. ಇದು ನಮಗೆ ಬರಬೇಕಾದ ಬಾಕಿ. ಅದನ್ನು ಹೀಗೆ ತೀರಿಸಬೇಕೆಂದು ಒತ್ತಾಯಿಸುತ್ತೇವೆ:

1. ಪ್ರತಿ ತಾಲ್ಲೂಕು ಪಶು ಆಸ್ಪತ್ರೆಗೆ ಬ್ಯಾಟರಿಯಲ್ಲಿ ನಡೆಯುವ, ಹಿಂಡಿರುವಲ್ಲಿಗೆ ಹೊತ್ತೊಯ್ಯಬಹುದಾದ ಒಂದು ಸ್ಕ್ಯಾನಿಂಗ್ ಯಂತ್ರವನ್ನೂ ಅದನ್ನು ಬಳಸಬಲ್ಲ ವೈದ್ಯರನ್ನೂ ಕೊಡಬೇಕು.

2. 1962 ಸಹಾಯವಾಣಿಗೆ ಕರೆ ಮಾಡಿದರೆ ವಲಸೆ ಹಿಂಡು ಬೀಡುಬಿಟ್ಟ ಜಾಗಕ್ಕೇ ಸಂಚಾರಿ ಪಶು ಚಿಕಿತ್ಸಾ ವಾಹನ ಬಂದು, ಗಬ್ಬ ನಿಂತ 45ರಿಂದ 90 ದಿನಗಳ ನಡುವೆ ಸ್ಕ್ಯಾನಿಂಗ್ ಮಾಡಬೇಕು.

3. ಗಬ್ಬ ಇದೆಯೇ, ಮರಿ ಜೀವಂತವಿದೆಯೇ, ಒಂದೋ ಎರಡೋ, ಈಯುವುದು ಯಾವ ವಾರ ಎಂಬ ನಾಲ್ಕು ವಿವರಗಳನ್ನು ಕನ್ನಡದ ಚೀಟಿಯಲ್ಲಿ ಬರೆದು ಅದೇ ದಿನ ಸಾಕಣೆದಾರರ ಕೈಗೆ ಕೊಡಬೇಕು.

4. ಹೊಟ್ಟೆಯ ಮರಿ ಬಹುಪಾಲು ಬೆಳೆಯುವುದು ಕೊನೆಯ ಆರು ವಾರಗಳಲ್ಲಾದ್ದರಿಂದ, ಅವಳಿ ಹೊತ್ತ ಕುರಿಗಳು ಗರ್ಭನಂಜಿಗೆ ಬಲಿಯಾಗದಂತೆ ಆ ಅವಧಿಗೆ ಕಾಳು ಮತ್ತು ಹಿಂಡಿಯನ್ನು ಸಹಾಯಧನದಲ್ಲಿ ಒದಗಿಸಬೇಕು.

5. ಅವಳಿ ಮರಿಗಳಿಗೆ ಹೆಸರಾದ ನಾರಿ ಸುವರ್ಣ ತಳಿಯನ್ನು ಯಾವ ಯೋಜನೆಯಡಿ ವಿತರಿಸಿದರೂ, ಅದರ ಜೊತೆಗೆ ಗಬ್ಬದ ಸ್ಕ್ಯಾನಿಂಗ್ ಸೇವೆಯನ್ನು ಕಡ್ಡಾಯವಾಗಿ ಸೇರಿಸಬೇಕು.

6. ಪ್ರತಿ ಸರ್ಕಾರಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಒಂದು ಎಲಾಸ್ಟೋಗ್ರಫಿ ಯಂತ್ರವಿಟ್ಟು, ಸಾಕುನಾಯಿ ಬೆಕ್ಕುಗಳಿಗೆ ಸಿಗುವಷ್ಟೇ ಸರದಿಯನ್ನು ಕುರಿಗಳಿಗೂ ಕೊಡಬೇಕು.

7. ಬೇರೆ ದೇಶದ ತಳಿಗಳ ಅಂಕಿಗಳನ್ನು ನಮ್ಮ ಹಿಂಡಿಗೆ ಹೊಂದಿಸುವುದನ್ನು ಬಿಟ್ಟು, ಬನ್ನೂರು, ಹಾಸನ, ಬಳ್ಳಾರಿ, ಕೆಂಗುರಿ, ಡೆಕ್ಕನಿ ಕುರಿಗಳ ಮರಿಯ ಶ್ವಾಸಕೋಶ, ಯಕೃತ್ತು, ಮಾಸಿನ ಗಡಸುತನವನ್ನು ವಾರವಾರಕ್ಕೆ ಅಳೆದ ಕೋಷ್ಟಕಗಳನ್ನು ವಿಶ್ವವಿದ್ಯಾಲಯ ಸಿದ್ಧಪಡಿಸಬೇಕು.

8. ಯಂತ್ರದಿಂದ ಯಂತ್ರಕ್ಕೆ ಅಳತೆ ಬದಲಾಗುವುದರಿಂದ, ಯಾವ ಯಂತ್ರ, ಎಷ್ಟು ಆಳ, ಎಷ್ಟು ಸಲ ಅಳೆದದ್ದು ಎಂಬುದನ್ನು ಪ್ರತಿ ಅಂಕಿಯ ಜೊತೆಗೇ ಪ್ರಕಟಿಸಬೇಕು.

9. ಎಲಾಸ್ಟೋಗ್ರಫಿಯ ಧ್ವನಿ ಶಕ್ತಿ ಸಾಮಾನ್ಯ ಸ್ಕ್ಯಾನಿಂಗ್‌ಗಿಂತ ಹೆಚ್ಚಿನದಾದ ಕಾರಣ, ಎಳೆಯ ಗಬ್ಬದಲ್ಲಿ ಅದನ್ನು ಬಳಸಲು ಮಿತಿ ಹಾಕುವ ಲಿಖಿತ ಸುರಕ್ಷತಾ ನಿಯಮ ಹೊರಡಿಸಬೇಕು.

10. ಸಂಶೋಧನೆಗೆ ನಮ್ಮ ಕುರಿ ಬೇಕಾದರೆ ಕನ್ನಡದಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು ಮತ್ತು ಅಧ್ಯಯನದ ಅವಧಿಯಲ್ಲಿ ತಾಯಿ ಅಥವಾ ಮರಿಗೆ ಆದ ಹಾನಿಯನ್ನು ಸಂಸ್ಥೆಯೇ ಭರಿಸಬೇಕು.

11. ಹಿಂಡಿನಲ್ಲಿ ಕುರಿಗಳು ಸಾಲಾಗಿ ಕಂದು ಹಾಕಿದರೆ, ಮನುಷ್ಯರಿಗೂ ತಗಲುವ ಬ್ರುಸೆಲ್ಲಾ ರೋಗದ ಪರೀಕ್ಷೆಯನ್ನು ಹಿಂಡಿಗೂ ಕುರಿ ಕಾಯುವ ಕುಟುಂಬಕ್ಕೂ ಉಚಿತವಾಗಿ ಮಾಡಿಸಬೇಕು.

12. ಸ್ಕ್ಯಾನಿಂಗ್‌ನಲ್ಲಿ ಖಚಿತಪಟ್ಟ ಗಬ್ಬದ ಕುರಿ ಸತ್ತಾಗ, ಅನುಗ್ರಹ ಯೋಜನೆಯ ಪರಿಹಾರದಲ್ಲಿ ಹೊಟ್ಟೆಯ ಮರಿಗಳನ್ನೂ ಎಣಿಸಬೇಕು.

13. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಗೆ ಧಕ್ಕೆಯಾಗದಂತೆ ಪ್ರತಿ ಯಂತ್ರಕ್ಕೂ ಬಳಕೆಯ ದಾಖಲೆ ಪುಸ್ತಕ ಇಡಬೇಕೇ ಹೊರತು, ಆ ಕಾಯ್ದೆಯ ನೆಪದಲ್ಲಿ ಪಶು ಆಸ್ಪತ್ರೆಗಳಿಗೆ ಯಂತ್ರ ನಿರಾಕರಿಸಕೂಡದು.

14. ಈ ಪತ್ರ ತಲುಪಿದ 60 ದಿನಗಳೊಳಗೆ ಪ್ರತಿ ಬೇಡಿಕೆಗೂ ಪ್ರತ್ಯೇಕವಾಗಿ, ಹೊಣೆ ಹೊತ್ತ ಅಧಿಕಾರಿಯ ಹುದ್ದೆ ಮತ್ತು ಗಡುವು ನಮೂದಿಸಿ ಲಿಖಿತ ಉತ್ತರ ಕೊಡಬೇಕು.

ಮೊದಲ ಐದು ಬೇಡಿಕೆಗಳಿಗೆ ಹೊಸ ಸಂಶೋಧನೆ ಬೇಕಿಲ್ಲ. ಆದೇಶ ಮತ್ತು ಅನುದಾನ ಸಾಕು. ಅವನ್ನು ಮುಂದಿನ ಸಲ ಹಿಂಡಿಗೆ ಟಗರು ಬಿಡುವ ಮೊದಲೇ ಜಾರಿಗೆ ತರಬೇಕು. ಉಳಿದವಕ್ಕೆ ಸಮಯ ಬೇಕೆಂಬುದನ್ನು ಒಪ್ಪುತ್ತೇವೆ, ಆ ಸಮಯ ಎಷ್ಟೆಂಬುದನ್ನು ತಾವು ಬರೆದುಕೊಡಬೇಕು.

ಇಂತಿ,
ಕುರಿ ಸಾಕಣೆದಾರರು ಮತ್ತು ವಲಸೆ ಕುರಿಗಾಹಿಗಳು