ಕೃಷ್ಣ ಬೇಡ, ಖಾಕಿ ಬೇಕು!

ಕಿರೀಟ ತಲೆಗಿಟ್ಟಕೂಡಲೇ ನನ್ನಕ್ಕನ ಮಗ ಕಿಟಾರನೆ ಕಿರುಚಿದ. ಐದು ವರ್ಷದ ಪೋರ, ಕೊಳಲು ಎಸೆದೇಬಿಟ್ಟ. ತಪ್ಪೇನು? ಸ್ಟುಡಿಯೋದಲ್ಲಿ ಎಲ್ಲ ಮಕ್ಕಳಿಗೂ ಅದೇ ನವಿಲುಗರಿ. ಬೀದಿಗೆ ಹತ್ತು ಕೃಷ್ಣರು!

‘ನಂಗೆ ಅಪ್ಪನ ಖಾಕಿ ಶರ್ಟು ಬೇಕು!’

ಭಾವ ಆಟೋ ಓಡಿಸ್ತಾರೆ. ಗಾಡಿಯ ಹಿಂದೆ ಶಂಕರ್‌ನಾಗ್ ಚಿತ್ರ. ‘ಆಟೋ ರಾಜ’ ಬಂದದ್ದು 1980ರಲ್ಲಿ, ಶಂಕರಣ್ಣ ಹೋದದ್ದು 1990ರಲ್ಲಿ. ಮೊನ್ನೆ ಮೊನ್ನೆ ಹುಟ್ಟಿದ ಇವನಿಗೂ ಅವರೇ ಹೀರೋ! ಏನಂತೀರಿ, ಅಭಿಮಾನಿ ಮಿತ್ರರೇ?

ಅಕ್ಕ ಸಿಡಿದಳು: ‘ಒಬ್ಬ ಪಿಯುಸಿ ಬಿಟ್ಟು ಸಿನಿಮಾ ಹಿಂದೆ ಬಿದ್ದ. ಇವನೂ ಆಟೋ ಓಡಿಸ್ಬೇಕಾ?’ ಏಟು ಇಬ್ಬರಿಗೂ ಬಿತ್ತು. ಭಾವ ತುಟಿಪಿಟಕ್ ಎನ್ನದೆ ಹೊರಗೆ ಹೋದರು.

ಫೋಟೋಗ್ರಾಫರ್ ಜಾಣ. ಕ್ಯಾಮೆರಾ ಹಿಡಿದು ರಸ್ತೆಗಿಳಿದ. ಆಟೋವನ್ನು ಮರದ ನೆರಳಿಗೆ ತಳ್ಳಿಸಿದ. ಬಿಸಿಲು ನೆತ್ತಿ ಮೇಲಿದ್ದರೆ ಮುಖದಲ್ಲಿ ಕಣ್ಣೇ ಕಾಣಿಸೋದಿಲ್ಲವಂತೆ. ಭಾವ ತಾವೇ ಖಾಕಿ ಬಿಚ್ಚಿ ತೊಡಿಸಿದರು. ಮೊಣಕಾಲು ದಾಟಿತು. ಫೋಟೋಗ್ರಾಫರ್ ಹುಡುಗನ ಕಣ್ಣಿನ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತ. ‘ನಗು’ ಅನ್ನಲೇ ಇಲ್ಲ.

‘ಮೆಜೆಸ್ಟಿಕ್‌ಗೆ ಬರ್ತೀರಾ ಸಾರ್?’

‘ಮೀಟರ್ ಮೇಲೆ ಹತ್ತು ರೂಪಾಯಿ!’

ಕ್ಲಿಕ್!

ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಫ್ರೇಮು ಮನೆಗೆ ಬಂದಿದೆ. ಎಲ್ಲಿ ತೂಗುಹಾಕಬೇಕು ಅನ್ನೋ ಜಗಳ ಇನ್ನೂ ಮುಗಿದಿಲ್ಲ.