ಅಜ್ಜಿಯ ಅಡವಿನ ಚೀಟಿ

ಮಕ್ಕಳೇ, 2024ರ ಅಕ್ಟೋಬರ್ ಕೊನೆಯಲ್ಲಿ ನಮ್ಮ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಗೆ ಕನ್ನ ಬಿತ್ತು. ಜನ ಅಡವಿಟ್ಟಿದ್ದ ಸುಮಾರು 17 ಕಿಲೋ ಚಿನ್ನ ಹೋಯಿತು.

ಕಳ್ಳರನ್ನು ಹುಡುಕಲು ಪೊಲೀಸರಿದ್ದಾರೆ. ಕಳಕೊಂಡವರ ಪಕ್ಕ ಕೂರುವವರು? ಬೆಂಗಳೂರಿನಲ್ಲಿ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಕೂಡಿ 2002ರಲ್ಲೇ ಹಿರಿಯರಿಗೆಂದು 1090 ಸಹಾಯವಾಣಿ ತೆರೆದರು. ಸವಳಂಗದಲ್ಲಿ ನನಗಿದ್ದದ್ದು ಮನೆಯ ಜಗಲಿ, ಬ್ಯಾಂಕ್ ಗುಮಾಸ್ತನ ಕನ್ನಡಕ.

ಒಬ್ಬ ಅಜ್ಜಿ ಬಂದರು. ಮೆಕ್ಕೆಜೋಳದ ಬೀಜ, ಗೊಬ್ಬರಕ್ಕೆಂದು ಸರ ಅಡವಿಟ್ಟಿದ್ದರು. “ನಮ್ಮವ್ವ ಹಾಕಿದ್ದು ಕಣಪ್ಪಾ, ಹೋತಾ?” ಎಂದರು. ‘ಯಾಕೆ ಅಡವಿಟ್ಟೆ’ ಎಂದು ಕೇಳುವವರು ಊರ ತುಂಬ ಇದ್ದರು. ಕಳ್ಳತನಕ್ಕಿಂತ ಅದೇ ಅವರಿಗೆ ಹೆಚ್ಚು ನೋವು ಕೊಟ್ಟಿತ್ತು. “ಚೀಟಿ ಎಲ್ಲೈತಮ್ಮಾ?” ಎಂದೆ. ಸೆರಗಿನ ಗಂಟಿನಲ್ಲಿತ್ತು. ಒಟ್ಟು ತೂಕ, ಕಲ್ಲು ಕಳೆದ ನಿವ್ವಳ ತೂಕ, ಸಾಲದ ಸಂಖ್ಯೆ ಗಟ್ಟಿಯಾಗಿ ಓದಿದೆ. ಆರನೇ ಕ್ಲಾಸಿನ ಮೊಮ್ಮಗಳು ಬರೆದುಕೊಂಡಳು. ಅಜ್ಜಿ ಆಮೇಲೆ ನೀರು ಕೇಳಿ ಕುಡಿದರು.

2025ರ ಮಾರ್ಚ್‌ನಲ್ಲಿ ದಾವಣಗೆರೆ ಪೊಲೀಸರು ಚಿನ್ನ ಪತ್ತೆ ಮಾಡಿದರು. ಎಲ್ಲಿ ಗೊತ್ತೇ? ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಬಾವಿಯೊಳಗೆ!

ಅಜ್ಜಿ ಮತ್ತೆ ಬಂದರು. “ಈಗ್ಲೇ ಕೊಡ್ತಾರಾ?” ಕೇಸಿನ ಮಾಲು, ಕೋರ್ಟಿನ ಅಪ್ಪಣೆ ಆಗಬೇಕು ಎಂದೆ. “ಹಂಗಾದ್ರೆ ಚೀಟಿ ಇಲ್ಲೇ ಇರ್ಲಿ” ಎಂದು ಗಂಟು ಬಿಗಿದುಕೊಂಡರು.