ಬಿದ್ದ ಮೇಲೆ ನೋಡುವುದಲ್ಲ, ಬೀಳುವ ಮೊದಲೇ ನೋಡಬೇಕು



ಜವಳಗಿರಿಯಿಂದ ಬೆಳಗಿನ ಬಸ್ಸಿಗೆ ಹೊಸೂರಿಗೆ ಹೋಗಿ, ಅಲ್ಲಿಯ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ ಮಾಡಿ ಸಂಜೆಗೆ ಹಿಂದಿರುಗುವ ತಂಗಿಯೊಬ್ಬಳು ಮೊನ್ನೆ ಹೇಳಿದ ಸಂಗತಿ ಇದು. ಅವಳು ಬಟ್ಟೆ ಒಣಹಾಕುವ ಮೂರನೆಯ ಅಂತಸ್ತಿನ ಬಾಲ್ಕನಿಯಲ್ಲಿ, ನೆಲವು ಗೋಡೆಗೆ ಸೇರುವ ಕಡೆ, ಉದ್ದಕ್ಕೂ ಒಂದು ಬಿರುಕು ಬಿಟ್ಟಿದೆ. ಕೆಳಗೆ ನಿಂತು ನೋಡಿದರೆ ಅದೇ ಬಾಲ್ಕನಿಯ ಅಡಿಯಲ್ಲಿ ಕಂದು ಬಣ್ಣದ ಕಲೆ ಕಾಣುತ್ತದೆ. "ಅಮ್ಮಾ, ಇಲ್ಲಿ ಬಿರುಕು ಬಿಟ್ಟಿದೆ" ಎಂದು ಮನೆಯಾಕೆಗೆ ಹೇಳಿದಳಂತೆ. "ಅದನ್ನೆಲ್ಲ ಅಸೋಸಿಯೇಷನ್‌ನವರು ನೋಡ್ಕೋತಾರೆ, ನೀನು ಬಟ್ಟೆ ಹರವು" ಎಂಬ ಉತ್ತರ ಬಂತು. "ಅಣ್ಣಾ, ಇನ್ನೊಂದು ಸಲ ಹೇಳಿದರೆ ನಾಳೆಯಿಂದ ಬರಬೇಡ ಅಂತಾರೇನೋ, ಏನು ಮಾಡಲಿ?" ಎಂದು ಅವಳು ಕೇಳಿದಾಗ ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಆ ಉತ್ತರವನ್ನೇ ಈಗ ಬರೆಯುತ್ತಿದ್ದೇನೆ.

ಇದು ಫ್ಲ್ಯಾಟಿನವರ ಚಿಂತೆ, ಲೈನ್ ಮನೆಯಲ್ಲಿರುವ ನಮಗೇಕೆ ಎಂದು ಕೆಲವರು ಕೇಳಬಹುದು. ಆ ಬಾಲ್ಕನಿಗೆ ಸೆಂಟ್ರಿಂಗ್ ಹೊಡೆದವರು, ಕಾಂಕ್ರೀಟ್ ಹೊತ್ತವರು ನಮ್ಮಂಥವರು. ಅದರ ಮೇಲೆ ನಿಂತು ಒಗೆದ ಬಟ್ಟೆ ಹರವುವವರು ನಮ್ಮ ಹೆಣ್ಣುಮಕ್ಕಳು. ಅದರ ಕೆಳಗೆ ಕುರ್ಚಿ ಹಾಕಿಕೊಂಡು ರಾತ್ರಿ ಕಾವಲು ಕಾಯುವವನು ನಮ್ಮ ತಮ್ಮ. ಕಳಚಿ ಬೀಳುವ ಕಾಂಕ್ರೀಟ್ ಮಾಲೀಕ ಯಾರು, ಕೂಲಿ ಯಾರು ಎಂದು ಕೇಳಿ ಬೀಳುವುದಿಲ್ಲ.

ಬಾಲ್ಕನಿ ಏಕೆ ಬೀಳುತ್ತದೆ ಎಂಬುದನ್ನು ಮೊದಲು ತಿಳಿಯೋಣ. ಕೋಣೆಯ ತಾರಸಿಗೆ ಸುತ್ತಲೂ ಗೋಡೆಯ ಆಸರೆ ಇರುತ್ತದೆ. ಬಾಲ್ಕನಿಯಾದರೋ ಬಹುಮಟ್ಟಿಗೆ ಒಂದೇ ಕಡೆ ಕಟ್ಟಡವನ್ನು ಕಚ್ಚಿಕೊಂಡು, ಚಾಚಿದ ಕೈಯಂತೆ ನಿಂತಿರುತ್ತದೆ. ಭಾರ ಬಿದ್ದಾಗ ಅದರ ಮೇಲ್ಭಾಗವೇ ಜಗ್ಗುವುದರಿಂದ ಮುಖ್ಯ ಕಂಬಿಗಳು ಮೇಲ್ಭಾಗದಲ್ಲಿ ಇರಬೇಕು. ಕಾಂಕ್ರೀಟ್ ಹಾಕುವ ಅವಸರದಲ್ಲಿ ಕಂಬಿಯ ಮೇಲೆ ಓಡಾಡಿ ಅದು ಕೆಳಗೆ ಕುಳಿತರೆ, ನೋಡಲು ಬಾಲ್ಕನಿ ಚೆನ್ನಾಗಿಯೇ ಇರುತ್ತದೆ, ಬಲ ಮಾತ್ರ ಇರುವುದಿಲ್ಲ. ಆಮೇಲೆ ಮಳೆಯ ನೀರು, ಗಿಡದ ಕುಂಡದ ನೀರು, ಬಟ್ಟೆಯ ನೀರು ಬಿರುಕಿನಲ್ಲಿ ಇಳಿಯುತ್ತದೆ. ಕಂಬಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಆ ತಂಗಿ ನೋಡಿದ ಕಂದು ಕಲೆ ಅಂಥ ತುಕ್ಕಿನ ಗುರುತಾಗಿರಬಹುದು. ತಟ್ಟಿದರೆ ಟೊಳ್ಳು ಸದ್ದು ಬರುವುದು, ನೀರು ಹೊರಗೆ ಹರಿಯದೆ ಗೋಡೆಯ ಕಡೆಗೇ ನಿಲ್ಲುವುದು, ಕಟಕಟೆಯ ಬುಡ ಅಲುಗಾಡುವುದು, ಇವೂ ಎಚ್ಚರಿಕೆಯ ಗುರುತುಗಳೇ.

ಹಳೆಯ ಕಟ್ಟಡಕ್ಕೆ ಮಾತ್ರ ಈ ಭಯ ಎಂದು ತಿಳಿಯಬೇಡಿ. ಅಮೆರಿಕದ ಕ್ಯಾಲಿಫೋರ್ನಿಯಾದ ಬರ್ಕಲಿ ಊರಿನಲ್ಲಿ 2015ರ ಜೂನ್ 16ರಂದು ಅಪಾರ್ಟ್‌ಮೆಂಟೊಂದರ ಬಾಲ್ಕನಿ ಮುರಿದು ಆರು ಮಂದಿ ಯುವಜನರು ಸತ್ತರು, ಏಳು ಮಂದಿ ಗಾಯಗೊಂಡರು. ಆ ಕಟ್ಟಡ 2007ರಲ್ಲಿ ಮುಗಿದಿತ್ತು, ಎಂಟೇ ವರ್ಷದ್ದು. ಒಳಗೆ ನೀರು ನಿಂತು ಮರದ ತೊಲೆಗಳು ಕೊಳೆತಿದ್ದವು. ಆ ಮರಣಗಳ ನಂತರ ಅಲ್ಲಿ ಕಾನೂನು ಬಂತು. 2018ರ ಕಾನೂನಿನಂತೆ, ಮರದ ಆಧಾರವಿರುವ ಎತ್ತರದ ಬಾಲ್ಕನಿಗಳನ್ನು ಬಾಡಿಗೆಯ ಅಪಾರ್ಟ್‌ಮೆಂಟುಗಳಲ್ಲಿ ಆರು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. 2019ರ ಕಾನೂನಿನಂತೆ, ಸ್ವಂತ ಫ್ಲ್ಯಾಟುಗಳ ಕಟ್ಟಡಗಳಲ್ಲಿ ಒಂಬತ್ತು ವರ್ಷಕ್ಕೊಮ್ಮೆ. ಶ್ರೀಮಂತ ದೇಶಕ್ಕೂ ಬುದ್ಧಿ ಬಂದದ್ದು ಆರು ಹೆಣ ಬಿದ್ದ ಮೇಲೆಯೇ.

ನಮ್ಮ ಸುತ್ತಮುತ್ತ ಬೇರೆ ಪಾಠವೂ ಇದೆ. 2021ರ ಸೆಪ್ಟೆಂಬರ್ 27ರಂದು ಬೆಂಗಳೂರಿನ ಲಕ್ಕಸಂದ್ರದಲ್ಲಿ, ಮೆಟ್ರೋ ಕೆಲಸಗಾರರು ವಾಸವಾಗಿದ್ದ ಕಟ್ಟಡ ನೆಲಕ್ಕುರುಳಿತು. ಮರುದಿನವೇ ಡೇರಿ ನೌಕರರ ವಸತಿಗೃಹವೊಂದು ಕುಸಿಯಿತು. ಅದೇ ವರ್ಷ ಡಿಸೆಂಬರ್ 27ರಂದು ಚೆನ್ನೈನ ತಿರುವೊಟ್ಟಿಯೂರಿನಲ್ಲಿ ಸರಕಾರ ಬಡವರಿಗೆ ಕಟ್ಟಿಕೊಟ್ಟ ವಸತಿ ಕಟ್ಟಡ ಬಿತ್ತು. ಮೂರು ಕಡೆಯೂ ಒಂದು ಪ್ರಾಣವೂ ಹೋಗಲಿಲ್ಲ. ಕಟ್ಟಡ ಬೀಳುವ ಮೊದಲೇ ಜನ ಹೊರಗೆ ಬಂದಿದ್ದರು. ಅಪಾಯದ ಗುರುತನ್ನು ನೋಡುವ ಕಣ್ಣು, ಹೇಳುವ ಬಾಯಿ, ಕೇಳುವ ಕಿವಿ ಮೂರೂ ಸೇರಿದರೆ ಪ್ರಾಣ ಉಳಿಯುತ್ತದೆ.

ಬೈಬಲನ್ನು ಓದುವ ನಮಗೆ ಇದು ಹೊಸ ಮಾತಲ್ಲ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ತಡೆಗೋಡೆ ಕಟ್ಟಬೇಕು, ಇಲ್ಲವಾದರೆ ಅಲ್ಲಿಂದ ಬಿದ್ದು ಸತ್ತವನ ರಕ್ತದ ಅಪರಾಧ ಆ ಮನೆಗೆ ತಟ್ಟುತ್ತದೆ ಎಂಬ ಆಜ್ಞೆ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದ 8ನೆಯ ವಚನದಲ್ಲಿದೆ. ಬಿದ್ದವನು ಮನೆಯವನೋ, ನೆಂಟನೋ, ಕೂಲಿಯವನೋ ಎಂಬ ಭೇದ ಅಲ್ಲಿಲ್ಲ. ಬಿದ್ದ ಮೇಲೆ ಪರಿಹಾರ ಕೊಡು ಎನ್ನುವುದಕ್ಕೆ ಮೊದಲು, ಬೀಳದಂತೆ ಕಟ್ಟು ಎಂದು ಅದು ಹೇಳುತ್ತದೆ.

ಈಗ ನಮ್ಮ ಲೈನ್ ಮನೆಗಳ ಕಡೆಗೆ ಬರೋಣ. ಅಲ್ಲಿ ಬಾಲ್ಕನಿ ಇಲ್ಲ, ಆದರೆ ಮಳೆಗೆ ನೆನೆದ ಗೋಡೆ ಇದೆ, ಗೆದ್ದಲು ತಿಂದ ತೊಲೆ ಇದೆ, ಮಕ್ಕಳು ಕುಳಿತು ಓದುವ ಜಗಲಿಯ ಮೇಲೆ ಬಾಗಿದ ಮಾಡು ಇದೆ. 1951ರ ತೋಟ ಕಾರ್ಮಿಕರ ಕಾಯಿದೆಯು ಚಹಾ, ಕಾಫಿ, ರಬ್ಬರ್, ಏಲಕ್ಕಿ ಮುಂತಾದ ತೋಟಗಳ ಕಾರ್ಮಿಕರಿಗೆ ಮನೆ ಕೊಡುವ ಹೊಣೆಯನ್ನೂ ಅದನ್ನು ಸುಸ್ಥಿತಿಯಲ್ಲಿಡುವ ಹೊಣೆಯನ್ನೂ ಮಾಲೀಕರ ಮೇಲೆ ಹೊರಿಸಿತು. ಮಾಲೀಕರು ಕೊಟ್ಟ ಮನೆ ಕುಸಿದು ಸಾವುನೋವಾದರೆ ಪರಿಹಾರ ಕೊಡಬೇಕೆಂಬ ಮಾತು 1981ರ ತಿದ್ದುಪಡಿಯಲ್ಲಿ ಸೇರಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ 75ನೆಯ ಕಲಮಿನಲ್ಲಿಯೂ ಅದು ಉಳಿದಿದೆ. ಕಾರ್ಮಿಕನಿಗೆ ಮಾತ್ರವಲ್ಲ, ಅವನ ಕುಟುಂಬದವರಿಗೂ ಅದು ಅನ್ವಯಿಸುತ್ತದೆ.

ಆದರೆ ಅಲ್ಲೊಂದು ವಿನಾಯಿತಿ ಇದೆ. ಮನೆ ಬಿದ್ದದ್ದು ಕೇವಲ ವಾಸವಿದ್ದವರ ತಪ್ಪಿನಿಂದ, ಅಥವಾ ಪ್ರಕೃತಿಯ ವಿಕೋಪದಿಂದ ಎಂದಾದರೆ ಮಾಲೀಕನಿಗೆ ಹೊಣೆ ಇಲ್ಲ. ಮನೆ ಬೀಳುವುದು ಹೆಚ್ಚಾಗಿ ಮಳೆಗಾಲದಲ್ಲೇ. ಆಗ "ಮಳೆ ಬೀಳಿಸಿತು, ನಾವೇನು ಮಾಡೋಣ" ಎಂದು ಹೇಳುವುದು ಸುಲಭ. ಹೋದ ವರ್ಷವೇ ಗೋಡೆ ಬಿರಿದಿತ್ತು, ನಾವು ತಿಳಿಸಿದ್ದೆವು ಎಂದು ತೋರಿಸಲು ನಮ್ಮ ಕೈಯಲ್ಲಿ ಏನಿದೆ? ಬಾಯಿಮಾತಿಗೆ ಸಾಕ್ಷಿ ಇಲ್ಲ. ತಾರೀಖು ಹಾಕಿ ಬರೆದುಕೊಟ್ಟ ಕಾಗದದ ನಕಲು ಇದ್ದರೆ ಅದು ಮಾತನಾಡುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ. ಅಪಾರ್ಟ್‌ಮೆಂಟ್ ಆಗಲಿ, ಲೈನ್ ಮನೆಯಾಗಲಿ, ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ತಿಳಿದವರಿಂದ ಪರೀಕ್ಷೆ ಆಗಬೇಕು. ಕಂಡದ್ದನ್ನು ಬರೆದು, ಕೆಲಸದವರೂ ಓದಬಹುದಾದ ಭಾಷೆಯಲ್ಲಿ ಗೋಡೆಗೆ ಅಂಟಿಸಬೇಕು. ಅಲ್ಲಿ ದಿನವೂ ನಿಂತು ದುಡಿಯುವವರ ಮಾತನ್ನು ಆ ಪುಸ್ತಕದಲ್ಲಿ ಮೊದಲು ಬರೆದುಕೊಳ್ಳಬೇಕು. ಖರ್ಚು ಹೆಚ್ಚು ಎಂದು ಹೇಳುವವರು, ಗೋಡೆಗೆ ಬಣ್ಣ ಬಳಿಸುವ ಖರ್ಚಿನ ಪಕ್ಕದಲ್ಲಿ ಇದನ್ನು ಇಟ್ಟು ನೋಡಲಿ. ಬಣ್ಣ ಬಿರುಕನ್ನು ಮುಚ್ಚುತ್ತದೆ, ಕೂಡಿಸುವುದಿಲ್ಲ.

ಇನ್ನು ಆ ತಂಗಿಗೆ ನನ್ನ ಉತ್ತರ. ಒಬ್ಬಳೇ ಹೋಗಿ ಹೇಳಬೇಡಮ್ಮಾ. ಒಬ್ಬಳು ಹೇಳಿದರೆ ಅದು ದೂರು, ಹತ್ತು ಮಂದಿ ಹೇಳಿದರೆ ಅದು ಸುದ್ದಿ. ಅದೇ ಕಟ್ಟಡದಲ್ಲಿ ಕೆಲಸ ಮಾಡುವ ಅಕ್ಕತಂಗಿಯರನ್ನೂ ಕಾವಲಿನ ಅಣ್ಣನನ್ನೂ ಸೇರಿಸಿಕೊಂಡು, ಯಾವ ಮನೆ, ಎಲ್ಲಿ ಬಿರುಕು, ಎಂದಿನಿಂದ ಎಂದು ಬರೆದು ಸಂಘದ ಕಾರ್ಯದರ್ಶಿಯ ಕೈಗೆ ಕೊಡಿ. ಒಂದು ನಕಲು ನಿಮ್ಮಲ್ಲಿರಲಿ. ಬರೆಯಲು ಬಾರದಿದ್ದರೆ ಭಾನುವಾರ ಸಭೆ ಮುಗಿದ ಮೇಲೆ ಬನ್ನಿ, ಕೂತು ಬರೆಯೋಣ. ಅಲ್ಲಿಯವರೆಗೆ ಬಟ್ಟೆಯನ್ನು ತಾರಸಿಯ ಮೇಲೆ ಹರವಲು ಕೇಳಿಕೋ. ಕೆಲಸ ಹೋದರೆ ಬೇರೆ ಮನೆ ಹುಡುಕಬಹುದು. ನಿನ್ನ ಮಕ್ಕಳಿಗೆ ಬೇರೆ ತಾಯಿಯನ್ನು ಎಲ್ಲಿ ಹುಡುಕೋಣ?